ಮುಡಿಯ ಹುರಿ, ಉಕ್ಕಿನ ಭಾರ: ಶೀಲಾ ಗೌಡ ಅವರ ‘ಬಿಹೋಲ್ಡ್’ ಕೃತಿಯ ಪರಾಮರ್ಶೆ

ಶ್ರಾವಕರ ಅಡುಗೆಮನೆಯಲ್ಲಿ ಕೂದಲಿನಷ್ಟು ಅಂಜಿಕೆ ಹುಟ್ಟಿಸುವ ವಸ್ತು ವಿರಳ. ಮುನಿಗಳ ಕರಪಾತ್ರೆಯಲ್ಲಿ ಒಂದೇ ಒಂದು ಎಳೆ ಕಂಡುಬಂದರೂ ಅಂತರಾಯವಾಗಿ ಅಂದಿನ ಆಹಾರ ಅಲ್ಲಿಗೇ ನಿಲ್ಲುತ್ತದೆ. ಆ ಕಾರಣದಿಂದ ಚೌಕದ ದಿನ ಮನೆಯ ಹೆಂಗಸರು ತಲೆಗೆ ಬಟ್ಟೆ ಬಿಗಿದು, ಅಕ್ಕಿಯ ಒಂದೊಂದು ಕಾಳನ್ನೂ ಶೋಧಿಸುತ್ತಾರೆ. ಇಂಥ ಸಂಸ್ಕಾರದಲ್ಲಿ ಬೆಳೆದವರ ಎದುರಿಗೆ ಸುಮಾರು 4,000 ಮೀಟರ್ ಉದ್ದದ ಕೂದಲ ಹಗ್ಗವನ್ನು ಗೋಡೆಗೆ ತೂಗುಹಾಕಿ ‘ನೋಡಿ’ ಎಂದರೆ ಮೊದಲು ಏಳುವ ಭಾವ ಸೌಂದರ್ಯಾನುಭವವಲ್ಲ, ಜುಗುಪ್ಸೆ. ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರು 2009ರಲ್ಲಿ ರಚಿಸಿದ ‘ಬಿಹೋಲ್ಡ್’ ಎಂಬ ಕೃತಿಯ ವಿಮರ್ಶೆ ಈ ಜುಗುಪ್ಸೆಯಿಂದಲೇ ಆರಂಭವಾಗುವುದು ಯುಕ್ತ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನ ದೃಷ್ಟಾಂತವನ್ನು ಹೇಳುವುದು ವಾಡಿಕೆ. ಆದರೆ ಆ ಗುಣಕ್ಕೆ ಅರಮನೆಯಲ್ಲಿ ಮಾತ್ರವೇ ಪರೀಕ್ಷೆ ಒದಗುತ್ತದೆಂದೇನೂ ಇಲ್ಲ.

ಕೃತಿಯ ಸಾಮಗ್ರಿ ಎರಡೇ: ಮನುಷ್ಯರ ಕೂದಲಿನಿಂದ ಕೈಯಲ್ಲಿ ಹೊಸೆದ ಹಗ್ಗ ಮತ್ತು ಮೋಟಾರು ಕಾರುಗಳ ಉಕ್ಕಿನ ಬಂಪರುಗಳು. ಬಂಪರುಗಳು ಇಪ್ಪತ್ತರಷ್ಟಿವೆ, ಕ್ರೋಮಿನ ಹೊಳಪಿನ ಲೇಪವುಳ್ಳವು. ಹಗ್ಗ ಗೋಡೆಯ ಮೇಲೆ ಗಂಟುಗಂಟಾಗಿ ಇಳಿದು, ಅಲ್ಲಲ್ಲಿ ಬಂಪರೊಂದನ್ನು ಸುತ್ತಿ ಎತ್ತಿ ಹಿಡಿದು, ಮತ್ತೆ ನೆಲಕ್ಕೆ ಹರಿದು ಸುರುಳಿ ಸುರುಳಿಯಾಗಿ ಬೀಳುತ್ತದೆ. ದೂರದಿಂದ ನೋಡಿದರೆ ಬಿಳಿ ಗೋಡೆಯ ಮೇಲೆ ಮಸಿಯಲ್ಲಿ ಗೀಚಿದ ಚಿತ್ರದಂತೆ ತೋರುತ್ತದೆ. ಹತ್ತಿರ ಹೋದಾಗ ಗೆರೆ ಹಗ್ಗವಾಗುತ್ತದೆ, ಹಗ್ಗ ಕೂದಲಾಗುತ್ತದೆ, ಕೂದಲು ಯಾರದೋ ತಲೆಯಾಗುತ್ತದೆ. ಬಣ್ಣವೆಂಬುದು ಇಲ್ಲಿ ಇಲ್ಲವೆಂದೇ ಹೇಳಬೇಕು. ಕಪ್ಪು, ಅದರ ನಡುವೆ ಲೋಹದ ಮಂಕು ಬೆಳಕು. ಸದ್ದಿಲ್ಲ, ಚಲನೆಯಿಲ್ಲ, ಕಥೆಯಿಲ್ಲ. ಬಸದಿಯ ಗರ್ಭಗೃಹದಲ್ಲಿ ದೀಪವಾರಿದ ಮೇಲೆ ಉಳಿಯುವ ಮೌನವನ್ನು ಬಲ್ಲವರಿಗೆ ಈ ಕೃತಿಯ ಮೌನ ಅಪರಿಚಿತವೆನಿಸದು. 2009ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಸ್ಥಾನ ಪಡೆದಿದ್ದ ಈ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹಕ್ಕೆ ಸೇರಿದೆ.

ಶೀಲಾ ಗೌಡ ಅವರು 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದವರು. ಆರ್. ಎಂ. ಹಡಪದರು ಕಟ್ಟಿ ಬೆಳೆಸಿದ ಬೆಂಗಳೂರಿನ ಕೆನ್ ಕಲಾಶಾಲೆ, ಅನಂತರ ಶಾಂತಿನಿಕೇತನ, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಹೀಗೆ ವರ್ಣಚಿತ್ರಕಲೆಯ ಶಿಕ್ಷಣವನ್ನು ಕ್ರಮವಾಗಿ ಪಡೆದರು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿಯ ಧ್ವಂಸ ಮತ್ತು ಅದನ್ನು ಅನುಸರಿಸಿದ ಮುಂಬಯಿಯ ಗಲಭೆಗಳ ತರುವಾಯ ಅವರಿಗೆ ತೈಲವರ್ಣ ಸಾಲದೆಂದು ತೋರಿತು. ಅವರು ಕೈಗೆತ್ತಿಕೊಂಡದ್ದು ಸಗಣಿಯನ್ನು. ಗೋಡೆಗೆ ಬಳಿಯುವ, ಬೆರಣಿ ತಟ್ಟುವ, ಅಂಗಳ ಸಾರಿಸುವ ಸಗಣಿ. ಪವಿತ್ರವೂ ಹೌದು, ನಿಕೃಷ್ಟವೂ ಹೌದು ಎಂಬ ವಸ್ತು. ಅಲ್ಲಿಂದಾಚೆಗೆ ಅವರ ಸಾಮಗ್ರಿಗಳೆಲ್ಲವೂ ಹೆಚ್ಚುಕಡಿಮೆ ಅದೇ ಜಾತಿಯವು. 1998ರ ಒಂದು ಕೃತಿಯಲ್ಲಿ ನೂರಾರು ಅಡಿ ನೂಲನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಅಂಥ ಹಲವು ಎಳೆಗಳನ್ನು ಕುಂಕುಮ ಮತ್ತು ಅಂಟಿನಿಂದ ಒಂದುಗೂಡಿಸಿ ಕೆಂಪು ಹಗ್ಗವಾಗಿಸಿದರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ಉಳಿಯಿತು. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಮಹಾಪ್ರದರ್ಶನದಲ್ಲಿ ಊದುಬತ್ತಿಯ ಹಿಟ್ಟನ್ನು ಜಾಲರಿಯ ಚೌಕಟ್ಟುಗಳ ಮೇಲೆ ಹರಡಿ ಸುಟ್ಟು, ಆಕಾರ ಕೆಡದೆ ಉಳಿದ ಬೂದಿಯನ್ನೇ ಕೃತಿಯೆಂದು ಇಟ್ಟರು. ಬಳಕೆಯಾಗಿ ಉಳಿದದ್ದರ ಮೇಲೆ ಇಷ್ಟು ದೀರ್ಘಕಾಲ ಮನಸ್ಸಿಟ್ಟ ಕಲಾವಿದರು ಅಪರೂಪ.

ಈಗ ಹಗ್ಗದ ವಿಚಾರಕ್ಕೆ ಬರಬಹುದು. ಬೆಂಗಳೂರಿನ ರಸ್ತೆಗಳಲ್ಲಿ ಕಾರು ಲಾರಿಗಳ ಬಂಪರಿಗೆ ಕರಿಯ ಹಗ್ಗವೊಂದನ್ನು ಕಟ್ಟಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಹೊಸ ವಾಹನಕ್ಕೆ ದೃಷ್ಟಿ ತಾಗದಿರಲಿ, ಅಪಘಾತ ತಪ್ಪಲಿ ಎಂಬುದು ಅದರ ಉದ್ದೇಶ. ನಿಂಬೆಹಣ್ಣು ಮೆಣಸಿನಕಾಯಿಯಂತೆ ಅದೂ ಒಂದು ರಕ್ಷೆ. ಕೂದಲಿನಿಂದ ಹೊಸೆದ ಇಂಥ ಹಗ್ಗವೇ ‘ಬಿಹೋಲ್ಡ್’ ಕೃತಿಯ ಮೂಲ. ಕಣ್ಣು ಬೀಳಬಾರದೆಂದು ಕಟ್ಟುವ ವಸ್ತುವನ್ನು ಮೈಲುಗಟ್ಟಲೆ ಕೂಡಿಸಿ, ‘ಇದೋ, ನೋಡು’ ಎಂಬರ್ಥದ ಹೆಸರಿಟ್ಟು, ಲೋಕದ ಕಣ್ಣೆಲ್ಲ ಬೀಳುವ ಜಾಗದಲ್ಲಿ ನಿಲ್ಲಿಸಲಾಗಿದೆ. ಕೃತಿಯ ಅತ್ಯಂತ ಸೂಕ್ಷ್ಮವಾದ ಸಂಗತಿ ಇದೇ. ದೃಷ್ಟಿ ಎಂಬ ಶಬ್ದಕ್ಕೆ ಕನ್ನಡದ ಮನೆಮಾತಿನಲ್ಲಿ ಕೆಡುಕಿನ ಅರ್ಥವೂ, ಶಾಸ್ತ್ರದಲ್ಲಿ ಮೋಕ್ಷಮಾರ್ಗದ ಮೊದಲ ಮೆಟ್ಟಿಲೆಂಬ ಅರ್ಥವೂ ಇರುವುದನ್ನು ಬಲ್ಲ ವಾಚಕರಿಗೆ ಈ ಹೆಸರು ಇಂಗ್ಲಿಷಿನಲ್ಲಿ ಕೊಡುವುದಕ್ಕಿಂತ ಹೆಚ್ಚನ್ನು ಕೊಡುತ್ತದೆ.

ರಕ್ಷೆ ಕಟ್ಟುವುದು ಲೋಕಮೂಢತೆಯಲ್ಲವೇ, ಅದನ್ನು ಕಲೆಯ ಹೆಸರಿನಲ್ಲಿ ಮೆರೆಸುವುದು ಸರಿಯೇ ಎಂಬ ಆಕ್ಷೇಪಣೆ ಸಹಜ. ಸಮಂತಭದ್ರಾಚಾರ್ಯರ ಶ್ರಾವಕಾಚಾರವನ್ನು ಓದಿದವರು ಈ ಆಕ್ಷೇಪಣೆಯನ್ನು ಎತ್ತದಿದ್ದರೆ ಆಶ್ಚರ್ಯಪಡಬೇಕು. (ಹಾಗೆ ಓದಿದ ಎಷ್ಟು ಮನೆಗಳ ಕಾರಿಗೆ ಈ ಹಗ್ಗ ಕಟ್ಟಿಲ್ಲ ಎಂಬುದು ಬೇರೆ ಪ್ರಶ್ನೆ.) ಆದರೆ ಕೃತಿ ರಕ್ಷೆಯನ್ನು ಮೆರೆಸುತ್ತಿಲ್ಲ. ಒಂದು ಬಂಪರಿಗೆ ಒಂದು ಮೊಳ ಹಗ್ಗ ಕಟ್ಟಿದಾಗ ಅದು ನಂಬಿಕೆ. ಇಪ್ಪತ್ತು ಬಂಪರಿಗೆ ನಾಲ್ಕು ಕಿಲೋಮೀಟರ್ ಸುತ್ತಿದಾಗ ಅದು ನಂಬಿಕೆಯನ್ನು ಹುಟ್ಟಿಸಿದ ಭಯದ ಅಳತೆ. ಒಂದು ಮಹಾನಗರದ ಮಂದಿ ಪ್ರತಿದಿನ ರಸ್ತೆಗಿಳಿಯುವಾಗ ಎದೆಯಲ್ಲಿ ಹೊತ್ತು ನಡೆಯುವ ಅಂಜಿಕೆಯನ್ನು ಈ ಕಪ್ಪು ರಾಶಿ ಕಣ್ಣೆದುರು ಸುರಿಯುತ್ತದೆ. ಮೂಢತೆಯನ್ನು ಖಂಡಿಸುವ ಪ್ರವಚನಗಳು ಬಹಳ ಕೇಳಿಬರುತ್ತವೆ. ಅದರ ಬೇರಾದ ಭಯದ ಗಾತ್ರವನ್ನು ತೋರಿಸುವ ಪ್ರಯತ್ನ ಕಡಿಮೆ.

ಈ ಕೂದಲು ಎಲ್ಲಿಂದ ಬಂತು? ಹರಕೆ ಹೊತ್ತವರು ದೇವಸ್ಥಾನಗಳಲ್ಲಿ ಕೊಟ್ಟ ಮುಡಿ ಇದು. ತಿರುಪತಿ ಬೆಟ್ಟದ ಕಲ್ಯಾಣಕಟ್ಟೆಯಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ, ದಕ್ಷಿಣದ ಎಷ್ಟೋ ಕ್ಷೇತ್ರಗಳಲ್ಲಿ ಮುಡಿ ಕೊಡುವವರ ಸಾಲು ಮುಗಿಯುವುದೇ ಇಲ್ಲ. ಮಗುವಿನ ಜವಳದಿಂದ ಹಿಡಿದು ರೋಗ ವಾಸಿಯಾದ ಮುದುಕಿಯ ನರೆಗೂದಲವರೆಗೆ ಅಲ್ಲಿ ಬೀಳುತ್ತದೆ. ಕ್ಷೌರದ ಕತ್ತಿಯಿಂದ ಕೆಳಗೆ ಬಿದ್ದ ಗಳಿಗೆಯಿಂದ ಆ ಕೂದಲು ಇನ್ನೊಂದು ಲೋಕವನ್ನು ಪ್ರವೇಶಿಸುತ್ತದೆ. ಉದ್ದವನ್ನು ಅಳೆದು ದರ್ಜೆ ವಿಂಗಡಿಸಿ ಹರಾಜು ಹಾಕುತ್ತಾರೆ. ಉದ್ದನೆಯ ಕೂದಲು ಕೃತಕ ಮುಡಿಗಳಾಗಿ ಹೊರದೇಶಗಳಿಗೆ ಹೋಗುತ್ತದೆ. ತೀರ ಮೋಟಾದ ಕೂದಲಿಗೂ ಗಿರಾಕಿ ಉಂಟು. ಬ್ರೆಡ್ಡಿನ ಹಿಟ್ಟನ್ನು ಮೆದುಗೊಳಿಸಲು ಬಳಸುವ, ಪೊಟ್ಟಣಗಳ ಮೇಲೆ ಇ 920 ಎಂದು ನಮೂದಾಗುವ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಹುದುಗುವಿಕೆಯಿಂದ ಮಾತ್ರವಲ್ಲದೆ ಕೂದಲು ಮತ್ತು ಹಕ್ಕಿಯ ಗರಿಗಳಿಂದಲೂ ತಯಾರಿಸುವುದುಂಟು. ಭಕ್ಷ್ಯಾಭಕ್ಷ್ಯ ವಿವೇಕವುಳ್ಳ ಕುಟುಂಬಗಳು ಈ ಸಂಖ್ಯೆಯನ್ನು ನೆನಪಿಡುವುದು ಒಳಿತು. ಇವೆಲ್ಲಕ್ಕೂ ಒದಗದ ಗಿಡ್ಡ ಕೂದಲಿನ ಒಂದು ಪಾಲು ಹಗ್ಗವಾಗಿ ಬಂಪರಿಗೆ ಬರುತ್ತದೆ.

ಇಲ್ಲಿ ಲೆಕ್ಕಪತ್ರದ ದೃಷ್ಟಿಯಿಂದ ಒಂದು ವಿಚಿತ್ರವಿದೆ. ಕೊಟ್ಟವಳ ಖಾತೆಯಲ್ಲಿ ಕೂದಲಿಗೆ ಬೆಲೆಯಿಲ್ಲ. ಅದು ಅಹಂಕಾರದ ವಿಸರ್ಜನೆ. ದೇವಸ್ಥಾನದ ಖಾತೆಯಲ್ಲಿ ಅದು ಆದಾಯ. ಹಗ್ಗದ ಅಂಗಡಿಯಲ್ಲಿ ಕೆಲವೇ ರೂಪಾಯಿಯ ಸರಕು. ವಸ್ತುಸಂಗ್ರಹಾಲಯದಲ್ಲಿ ವಿಮೆ ಮಾಡಿಸಿದ ಆಸ್ತಿ. ನಾಲ್ಕು ಖಾತೆಗಳಲ್ಲೂ ಪದಾರ್ಥ ಒಂದೇ, ಒಂದು ಎಳೆಯೂ ಬದಲಾಗಿಲ್ಲ. ಹಾಗಾದರೆ ಕೊಟ್ಟವಳ ಭಾವ ಯಾವ ಖಾತೆಯವರೆಗೆ ಆ ಕೂದಲಿನ ಜೊತೆ ಪ್ರಯಾಣ ಮಾಡಿತು, ಎಲ್ಲಿ ಇಳಿದುಹೋಯಿತು?

ಇದು ಬರಿಯ ತರ್ಕದ ಪ್ರಶ್ನೆಯಲ್ಲವೆಂಬುದಕ್ಕೆ 2004ರ ಘಟನೆಯೊಂದು ಸಾಕ್ಷಿ. ಯೆಹೂದ್ಯರಲ್ಲಿ ಸಂಪ್ರದಾಯನಿಷ್ಠ ವಿವಾಹಿತ ಸ್ತ್ರೀಯರು ತಮ್ಮ ಕೂದಲನ್ನು ಮರೆಮಾಡಲು ಕೃತಕ ಮುಡಿ ಧರಿಸುವ ಪದ್ಧತಿಯಿದೆ. ಅಂಥ ಮುಡಿಗಳಲ್ಲಿ ಭಾರತದ ದೇವಸ್ಥಾನಗಳ ಕೂದಲು ಸೇರಿದೆಯೆಂದು ತಿಳಿದಾಗ, ಆ ವರ್ಷದ ಮೇ ತಿಂಗಳಲ್ಲಿ ಜೆರುಸಲೇಮಿನ ಹಿರಿಯ ಧರ್ಮಗುರು ಯೋಸೆಫ್ ಶಲೋಮ್ ಎಲ್ಯಾಶಿವ್ ಅವರು ಅದರ ಬಳಕೆ ನಿಷಿದ್ಧವೆಂದು ತೀರ್ಪಿತ್ತರು. ಅನ್ಯದೇವತೆಗೆ ಅರ್ಪಿತವಾದ ವಸ್ತುವಿನಿಂದ ಯಾವ ಪ್ರಯೋಜನವನ್ನೂ ಪಡೆಯಬಾರದೆಂಬುದು ಅವರ ಶಾಸ್ತ್ರ. ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಗಳಲ್ಲಿ ಬೆಲೆಬಾಳುವ ಮುಡಿಗಳನ್ನು ರಾಶಿ ಹಾಕಿ ಸುಟ್ಟರು. ಮುಡಿ ಕೊಡುವ ಕ್ರಿಯೆಯೇ ಪೂಜೆಯ ಅರ್ಪಣೆಯೋ, ಅಥವಾ ಗರ್ಭಗುಡಿಯಿಂದ ದೂರದಲ್ಲಿ ನಡೆಯುವ ಕೇವಲ ಒಂದು ಪೂರ್ವಸಿದ್ಧತೆಯೋ ಎಂಬುದರ ಮೇಲೆ ಎರಡು ಮತಗಳ ಪಂಡಿತರೂ ಗಂಭೀರವಾಗಿ ತಲೆಕೆಡಿಸಿಕೊಂಡರು.

ಬಸದಿಯ ಆಡಳಿತ ನಡೆಸುವವರಿಗೆ ಈ ವಾದ ಹೊಸದಾಗಿ ಕೇಳಿಸಬಾರದು. ನಿರ್ಮಾಲ್ಯದ ಪ್ರಶ್ನೆಯೂ ಇದೇ. ಮಂತ್ರಪೂರ್ವಕವಾಗಿ ಅರ್ಪಿಸಿದ ಅಕ್ಕಿ, ಫಲ, ದ್ರವ್ಯ ಶ್ರಾವಕನಿಗೆ ಮತ್ತೆ ಭೋಗ್ಯವಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆಮೇಲೆ ಅದು ಯಾರ ಕೈಗೆ, ಯಾವ ದರಕ್ಕೆ, ಯಾವ ಲೆಕ್ಕದ ಶೀರ್ಷಿಕೆಯಲ್ಲಿ ಹೋಗುತ್ತದೆಂದು ಕೇಳಿದರೆ ವಾರ್ಷಿಕ ಸಭೆಗಳಲ್ಲಿ ಮೌನ ಕವಿಯುವುದುಂಟು. ತ್ಯಾಗವಾದದ್ದು ಎಲ್ಲಿಗೆ ಹೋಯಿತೆಂದು ತಿಳಿಯಬಯಸುವುದು ತ್ಯಾಗಿಯ ಕೆಲಸವಲ್ಲ; ವಿಚಾರಿಸಿದರೆ ತ್ಯಾಗವೇ ಕೆಡುತ್ತದೆ. ಸ್ವೀಕರಿಸಿದವನ ಸ್ಥಿತಿ ಬೇರೆ. ಅವನು ತಿಳಿಯಲೇಬೇಕು. ‘ಬಿಹೋಲ್ಡ್’ ಕೃತಿಯ ಎದುರು ನಿಂತಾಗ ಈ ವ್ಯತ್ಯಾಸ ಯಾವ ಉಪದೇಶವೂ ಇಲ್ಲದೆ ಮನಸ್ಸಿಗೆ ನಾಟುತ್ತದೆ, ಏಕೆಂದರೆ ಅಲ್ಲಿ ಕೊಟ್ಟವರಾರೂ ಇಲ್ಲ, ಕೊಟ್ಟದ್ದು ಮಾತ್ರ ಇದೆ.

ಕೂದಲನ್ನು ತ್ಯಜಿಸುವ ಇನ್ನೊಂದು ಕ್ರಮವನ್ನು ಇಲ್ಲಿ ಹೋಲಿಸಿ ನೋಡಬೇಕು. ಮುನಿಯ 28 ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ ಎಂದು ಮೂಲಾಚಾರದ ವಿಧಿ. ಅಲ್ಲಿ ಕತ್ತಿಯಿಲ್ಲ, ಕ್ಷೌರಿಕನಿಲ್ಲ, ಹರಕೆಯಿಲ್ಲ. ಪ್ರತಿಫಲದ ನಿರೀಕ್ಷೆಯಂತೂ ಮೊದಲೇ ಇಲ್ಲ. ಕೂದಲನ್ನು ಯಾವ ದೇವರಿಗೂ ಕೊಡುವುದಿಲ್ಲ, ಅದನ್ನು ಬಿಡುವುದಷ್ಟೇ. ಆದರೂ ಬಿಟ್ಟ ಕೂದಲು ಏನಾಯಿತೆಂಬ ಕುತೂಹಲದಿಂದ ಪುರಾಣವೂ ಪಾರಾಗಲಿಲ್ಲ. ವೃಷಭಸ್ವಾಮಿಯು ದೀಕ್ಷೆ ಕೊಂಡು ಪಂಚಮುಷ್ಟಿ ಲೋಚ ಮಾಡಿದಾಗ, ಇಂದ್ರನು ಆ ಕೇಶವನ್ನು ರತ್ನದ ಕರಂಡದಲ್ಲಿ ಇರಿಸಿಕೊಂಡು ಕ್ಷೀರಸಮುದ್ರದಲ್ಲಿ ವಿಸರ್ಜಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ವರ್ಣಿಸುತ್ತದೆ. ಆ ತ್ಯಕ್ತವಸ್ತುವಿಗೆ ಮಾರುಕಟ್ಟೆಯಿಲ್ಲದ ಜಾಗವೊಂದನ್ನು ಕವಿ ಹುಡುಕಿಕೊಟ್ಟರು. ಆಧುನಿಕ ನಗರದಲ್ಲಿ ಕ್ಷೀರಸಮುದ್ರವಿಲ್ಲ. ಬಿಟ್ಟದ್ದೆಲ್ಲವೂ ಯಾರದೋ ಗೋದಾಮಿಗೆ ಬಂದು ಬೀಳುತ್ತದೆ. ಶೀಲಾ ಗೌಡ ಅವರ ಹಗ್ಗದ ಸುರುಳಿಗಳು ನೆಲದ ಮೇಲೆ ಅಲೆಅಲೆಯಾಗಿ ಮಲಗಿರುವುದನ್ನು ಕಂಡವರಿಗೆ ಈ ಕಥೆ ನೆನಪಾದರೆ ಅದು ಕಲಾವಿದೆಯ ಉದ್ದೇಶವಲ್ಲದಿರಬಹುದು. ನೋಡುವವರು ತಮ್ಮ ಮನೆಯಿಂದ ತಂದ ಅರ್ಥ. ಒಳ್ಳೆಯ ಕೃತಿ ಅಂಥ ಅರ್ಥಕ್ಕೆ ಬಾಗಿಲು ಹಾಕುವುದಿಲ್ಲ.

ರಚನೆಯ ಬಗೆಗೆ ಒಂದು ಮಾತು. ಹತ್ತಿಯ ವ್ಯಾಪಾರ ಬಲ್ಲವರಿಗೆ ಎಳೆಯುದ್ದದ ಮಹತ್ತ್ವ ಗೊತ್ತು. ಉದ್ದನೆಯ ಎಳೆಯ ಹತ್ತಿಗೆ ಬೆಲೆ, ಗಿಡ್ಡ ಎಳೆಗೆ ತಾತ್ಸಾರ. ಆದರೆ ಗಿಡ್ಡ ಎಳೆಯನ್ನೂ ಸಾಕಷ್ಟು ಹುರಿ ಕೊಟ್ಟು ಹೊಸೆದರೆ ಒಂದನ್ನೊಂದು ಬಿಗಿದಪ್ಪಿ ಗಟ್ಟಿ ದಾರವಾಗುತ್ತದೆ. ಬಲವಿರುವುದು ಎಳೆಯಲ್ಲಷ್ಟೇ ಅಲ್ಲ, ಎಳೆಗಳ ನಡುವಿನ ಘರ್ಷಣೆಯಲ್ಲಿ. ಕೂದಲ ಹಗ್ಗದ ಸೂತ್ರವೂ ಅದೇ. ತಲೆಯ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಬೆರಳುದ್ದದ ಒಂದು ಎಳೆಯೆಂದರೆ ಯಾರದೋ ಬದುಕಿನ ಆರೇಳು ತಿಂಗಳು. ಅಂಥ ಲೆಕ್ಕವಿಲ್ಲದಷ್ಟು ಎಳೆಗಳು ಸೇರಿ ಉಕ್ಕಿನ ಬಂಪರನ್ನು ನೆಲದಿಂದ ಮೇಲೆತ್ತಿ ನಿಲ್ಲಿಸಿವೆ. ರಸ್ತೆಯಲ್ಲಿ ಬಂಪರು ಹಗ್ಗವನ್ನು ಹೊರುತ್ತಿತ್ತು. ಇಲ್ಲಿ ಹಗ್ಗ ಬಂಪರನ್ನು ಹೊತ್ತಿದೆ. ಹೊಡೆತವನ್ನು ತಾಳಲೆಂದೇ ತಯಾರಾದ ಲೋಹ, ಒಂದು ಕ್ಷೌರದ ಕತ್ತಿಗೆ ಉದುರಿಬಿಡುವ ಕೂದಲಿನ ಆಶ್ರಯದಲ್ಲಿ ತೂಗುತ್ತಿದೆ. ಈ ಅದಲುಬದಲನ್ನು ಕಲಾವಿದೆ ಎಲ್ಲಿಯೂ ಎತ್ತಿ ಹೇಳುವುದಿಲ್ಲ. ಕೃತಿಯ ಗಾಂಭೀರ್ಯ ಬಂದಿರುವುದು ಈ ಸಂಯಮದಿಂದ.

ಕೊರತೆಗಳಿಲ್ಲವೆಂದಲ್ಲ. ಕ್ರೋಮಿನ ಹೊಳಪು ಕೆಲವೊಮ್ಮೆ ಕೂದಲಿನ ಮಂಕಿಗೆ ಒಡವೆ ತೊಡಿಸಿದಂತಾಗಿ, ಭಯದ ವಸ್ತು ಚೆಲುವಿನ ವಸ್ತುವಾಗಿ ಜಾರುತ್ತದೆ. ಬಂಪರುಗಳ ಸಂಖ್ಯೆ ಅರ್ಧದಷ್ಟಿದ್ದರೂ ಕೃತಿಗೆ ನಷ್ಟವಿರಲಿಲ್ಲ. ಹಗ್ಗದ ರಾಶಿಯೇ ಬೇಕಾದುದನ್ನು ಹೇಳಿಬಿಡುತ್ತದೆ. ಇನ್ನೊಂದು ಕೊರತೆ ಕೃತಿಯದಲ್ಲ, ಅದು ನಿಂತಿರುವ ಜಾಗದ್ದು. ಲಂಡನ್ನಿನ ಪ್ರೇಕ್ಷಕನಿಗೆ ದೃಷ್ಟಿಯ ಅಂಜಿಕೆಯೂ ಗೊತ್ತಿಲ್ಲ, ಮುಡಿ ಕೊಟ್ಟ ತಲೆಗೆ ಗಾಳಿ ತಾಗಿದಾಗಿನ ಹಗುರವೂ ಗೊತ್ತಿಲ್ಲ. ಗೋಡೆಯ ಮೇಲಿನ ವಿವರಣೆಯ ಹಾಳೆಯನ್ನು ಓದಿ ಅವನು ತಿಳಿಯಬೇಕು. ಹಾಳೆಯಿಂದ ತಿಳಿದದ್ದು ತಿಳುವಳಿಕೆಯಾದೀತು, ಮೈಗೆ ಹತ್ತದು. ಇತ್ತ ಬಂಪರಿಗೆ ಹಗ್ಗ ಕಟ್ಟಿ ತಿರುಗುವ ಬೆಂಗಳೂರಿಗನು ಈ ಕೃತಿಯನ್ನು ನೋಡಬೇಕಾದರೆ ಸಮುದ್ರ ದಾಟಬೇಕು. ಯಾರ ಭಯವನ್ನು ಹೊಸೆದು ಮಾಡಿದ್ದೋ ಅವರಿಗೆ ಅದು ದೂರ.

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ಹಗ್ಗ ಹೊಸೆದ ಕೈಗಳದು. ನಾಲ್ಕು ಕಿಲೋಮೀಟರು ಹಗ್ಗವನ್ನು ಕೂದಲಿನಿಂದ ಹೊಸೆಯುವುದು ಒಬ್ಬರ ಒಂದು ದಿನದ ಕೆಲಸವಲ್ಲ. ಕೃತಿಯ ಫಲಕದ ಮೇಲೆ ಕಲಾವಿದೆಯ ಹೆಸರಿದೆ, ಕೊಂಡವರ ಹೆಸರಿದೆ; ಹೊಸೆದವರ ಹೆಸರಿಲ್ಲ. ಬಸದಿಗಳಲ್ಲೂ ಶಿಲ್ಪಿಯ ಹೆಸರು ಅಪರೂಪ, ದಾನ ಕೊಟ್ಟವರ ಹೆಸರು ಮಾತ್ರ ಶಾಸನದಲ್ಲಿ ಉಳಿಯುತ್ತದೆ ಎಂದು ಸಮಾಧಾನ ಹೇಳಬಹುದು. ಆದರೆ ಹಳೆಯ ತಪ್ಪಿನಿಂದ ಹೊಸ ತಪ್ಪು ಸರಿಯಾಗುವುದಿಲ್ಲ. ಶ್ರಮವನ್ನೇ ವಸ್ತುವಾಗಿಟ್ಟುಕೊಂಡ ಕಲಾವಿದೆಯಿಂದ ಇಷ್ಟನ್ನು ನಿರೀಕ್ಷಿಸುವುದು ಅತಿಯಲ್ಲ.

ಕೃತಿಯನ್ನು ಕಾಪಾಡುವ ವಿಚಾರವೂ ಉಂಟು. ಕೂದಲು ಸುಲಭವಾಗಿ ಕೊಳೆಯದು, ಆದರೆ ಉಣ್ಣೆಯನ್ನು ತಿನ್ನುವ ನುಸಿಗೆ ಅದೂ ಆಹಾರ. ಇಂಥ ವಸ್ತುಗಳಿಗೆ ಹುಳು ತಗಲಿದರೆ ವಸ್ತುಸಂಗ್ರಹಾಲಯಗಳು ಅವನ್ನು ಹಲವು ದಿನ ಘನೀಭವಿಸುವ ಚಳಿಯಲ್ಲಿಟ್ಟೋ, ಆಮ್ಲಜನಕವಿಲ್ಲದ ಚೀಲದಲ್ಲಿ ಮುಚ್ಚಿಟ್ಟೋ ಹುಳುಗಳನ್ನು ಕೊಲ್ಲುವುದು ಸಾಮಾನ್ಯ ಪದ್ಧತಿ. ಯಾವ ಜೀವವನ್ನೂ ನೋಯಿಸದೆ ದೊರೆತ ಸಾಮಗ್ರಿಯೊಂದು, ಶಾಶ್ವತವಾಗಿ ಉಳಿಯಬೇಕೆಂಬ ಆಸೆಗೆ ಸಿಕ್ಕ ಕೂಡಲೇ ಹಿಂಸೆಗೆ ನಿಮಿತ್ತವಾಗಬಹುದು. ಊದುಬತ್ತಿಯ ಬೂದಿಯನ್ನು ಕೃತಿಯಾಗಿಸಿದ ಕಲಾವಿದೆಗೆ ಉಳಿವಿನ ಹಂಬಲ ಅಷ್ಟಾಗಿ ಇರಲಾರದು, ಹಂಬಲವಿರುವುದು ಸಂಗ್ರಹಕ್ಕೆ. ಮೂಡುಬಿದಿರೆಯಲ್ಲಿ ಧವಲಾ ಗ್ರಂಥದ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರ ಎದುರಿಗೂ ಹುಳುವಿನ ಪ್ರಶ್ನೆ ಇತ್ತು. ಓಲೆಗೆ ಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಬಿಗಿದು ಕಟ್ಟಿ, ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು ಗಾಳಿಗೆ ಹಿಡಿಯುವ ಕ್ರಮದಲ್ಲಿ ಹುಳುವನ್ನು ಕೊಲ್ಲುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವ ಯೋಚನೆಯಿದೆ. ಭಂಡಾರಗಳ ಬೀರುವಿನಲ್ಲಿ ಇಂದು ನುಸಿಗುಳಿಗೆ ಇಡುತ್ತಿರುವ ಟ್ರಸ್ಟುಗಳು ಆ ಎಣ್ಣೆಯ ಸೀಸೆ ಯಾವಾಗ ಖಾಲಿಯಾಯಿತೆಂದು ತಮ್ಮ ಹಳೆಯ ಖರ್ಚಿನ ಪುಸ್ತಕಗಳಲ್ಲಿ ಹುಡುಕಿ ನೋಡಬಹುದು.